ದುಂಡು ಕಲ್ಲಿನ ಮನೆ

ನಮ್ಮ ಮನೆಯಲ್ಲಿ ಬೆಟ್ಟ ಹತ್ತುವುದು ಅಂದರೆ ದೇವರನ್ನು ನೋಡಲು ಹೋಗುವುದು. ಸುಮ್ಮನೆ ಹತ್ತಿ ಸುಮ್ಮನೆ ಇಳಿಯುವವರನ್ನು ಅಪ್ಪ 'ಮಾಡೋಕೆ ಕೆಲಸ ಇಲ್ಲದವರು' ಎನ್ನುತ್ತಿದ್ದರು. ಅಪ್ಪ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಮೇಲೆ ಹೋಗುವುದು, ದರ್ಶನ ಮಾಡುವುದು, ಪುಳಿಯೋಗರೆ ತಿನ್ನುವುದು, ಇಳಿದು ವಾಪಸ್ ಬಸ್ಸು ಹಿಡಿಯುವುದು, ಇವೆಲ್ಲಕ್ಕೂ ಅವರ ತಲೆಯಲ್ಲಿ ಟೈಮು ಗೊತ್ತಾಗಿರುತ್ತಿತ್ತು. ನಾವಾಗ ಬಾಪೂಜಿ ನಗರದ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ಅಪ್ಪ, ಅಮ್ಮ, ಅಪ್ಪನ ತಾಯಿ ಮತ್ತು ಒಬ್ಬಳೇ ಮಗಳಾದ ನಾನು. ವರ್ಷಕ್ಕೊಮ್ಮೆ ಬೇಸಿಗೆ ರಜದಲ್ಲಿ ಅಜ್ಜಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ನಾವು ಮೂವರು ಶಿವಗಂಗೆಗೋ ದೇವರಾಯನದುರ್ಗಕ್ಕೋ ಹೋಗಿಬರುತ್ತಿದ್ದೆವು.

ದರ್ಶನ ಮುಗಿಸಿ ಇಳಿಯುವಾಗ ಮೆಟ್ಟಿಲ ಪಕ್ಕದ ಬಂಡೆಯ ಮೇಲೆ ಕಲ್ಲಿನ ಸಣ್ಣ ಸಣ್ಣ ಗೋಪುರಗಳು ಕಾಣುತ್ತಿದ್ದವು. ಸ್ವಂತ ಮನೆ ಆಗಲಿ ಎಂದು ಬೇಡಿಕೊಳ್ಳುವವರು ಕಲ್ಲಿನ ಮೇಲೆ ಕಲ್ಲಿಟ್ಟು ದೇವರಿಗೆ ತೋರಿಸಿ ಹೋಗುವ ಹರಕೆ ಅದು. ನಮ್ಮ ಕಡೆಯ ಎಷ್ಟೋ ಬೆಟ್ಟಗಳಲ್ಲಿ ಇದನ್ನು ನೋಡಬಹುದು. ಎಷ್ಟು ಕಲ್ಲು ನಿಲ್ಲುತ್ತದೋ ಅಷ್ಟು ಅಂತಸ್ತು. ಬೆಂಗಳೂರಿನವರಂತೂ ಒಂದೇ ಅಂತಸ್ತಿಗೆ ತೃಪ್ತಿಪಡುವ ಪೈಕಿ ಅಲ್ಲ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು, "ಕೆಳಗಡೆ ನಮಗೆ, ಮೇಲ್ಗಡೆ ಬಾಡಿಗೆಗೆ, ಅದರ ಮೇಲೊಂದು ಬಟ್ಟೆ ಒಣಗಿಸೋಕೆ" ಎನ್ನುತ್ತಾ ಜೋಡಿಸುತ್ತಿದ್ದಳು. ಬೇರೆಯವರು ಕಟ್ಟಿದ್ದನ್ನು ಮುಟ್ಟಲು ಹೋದರೆ ನನ್ನ ಕೈಮೇಲೆ ಏಟು ಬೀಳುತ್ತಿತ್ತು. ಒಬ್ಬರ ಮನೆ ಬೀಳಿಸಿದ ಪಾಪ ಏಳು ಜನ್ಮಕ್ಕೂ ಬಿಡುವುದಿಲ್ಲ ಎಂದು ಅವಳು ಹೆದರಿಸಿದ್ದಳು.

ಆದರೆ ಅಮ್ಮನ ಮನೆ ನಿಲ್ಲುತ್ತಲೇ ಇರಲಿಲ್ಲ. ಪಕ್ಕದಲ್ಲೇ ಚಪ್ಪಟೆ ಕಲ್ಲುಗಳು ಬಿದ್ದಿದ್ದರೂ ಅವಳ ಕೈಗೆ ಸಿಗುತ್ತಿದ್ದದ್ದು ದುಂಡನೆಯವೇ. ಎರಡನೆಯದನ್ನು ಇಡುವಷ್ಟರಲ್ಲಿ ಮೊದಲನೆಯದು ಉರುಳುತ್ತಿತ್ತು. ನಾನು ಓಡಿ ಹೋಗಿ ಚಪ್ಪಟೆ ಕಲ್ಲು ತಂದುಕೊಟ್ಟರೆ, "ಇರ್ಲಿ ಬಿಡೇ, ನಂಗೆ ಇದೇ ಸರಿ" ಎಂದು ಅದನ್ನು ಪಕ್ಕಕ್ಕಿಡುತ್ತಿದ್ದಳು. ಕೆಳಗಿನ ಮೆಟ್ಟಿಲಲ್ಲಿ ಅಪ್ಪ ವಾಚ್ ನೋಡುತ್ತಾ, "ಬೇಗ ಕಣೇ, ಬಸ್ಸು ಹೋಗ್ಬಿಡುತ್ತೆ" ಎನ್ನುತ್ತಿದ್ದರು. "ದೇವರ ಕೆಲಸ ರೀ, ಅರ್ಧಂಬರ್ಧ ಬಿಡಬಾರದು" ಎಂದು ಅಮ್ಮ ತಿರುಗಿ ನೋಡದೆ ಹೇಳುತ್ತಿದ್ದಳು. ದೇವರ ಹೆಸರು ಬಂದರೆ ಅಪ್ಪ ಸುಮ್ಮನಾಗುತ್ತಿದ್ದರು. ನನಗೋ ಒಳಗೊಳಗೇ ಅಳು. ಎಲ್ಲರ ಮನೆಯೂ ನಿಂತಿದೆ, ನಮ್ಮದು ಮಾತ್ರ ಬೀಳುತ್ತದೆ, ದೇವರಿಗೆ ನಮಗೆ ಮನೆ ಕೊಡುವ ಮನಸ್ಸಿಲ್ಲ ಎಂದುಕೊಳ್ಳುತ್ತಿದ್ದೆ.

ಮುಂದೆ ಅಪ್ಪ ಹೇಗೋ ಮಾಡಿ ಹೆಗ್ಗನಹಳ್ಳಿಯಲ್ಲಿ ಒಂದು ಸಣ್ಣ ಸೈಟು ತೆಗೆದುಕೊಂಡರು. ಭಾನುವಾರ ನಾವು ಮಾಗಡಿ ರಸ್ತೆಯ ಬಸ್ಸು ಹಿಡಿದು ಹೋಗಿ, ಆ ಖಾಲಿ ಜಾಗದ ನಡುವೆ ನಿಂತು, ಇಲ್ಲಿ ಅಡುಗೆಮನೆ, ಇಲ್ಲಿ ತುಳಸಿಕಟ್ಟೆ ಎಂದು ತೋರಿಸಿಕೊಂಡು ವಾಪಸ್ ಬರುತ್ತಿದ್ದೆವು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ನಮ್ಮವರಿಗೆ ಎರಡನ್ನೂ ನೋಡುವ ಶಕ್ತಿ ಇರಲಿಲ್ಲ. ನನ್ನ ಮದುವೆ ಗೊತ್ತಾದಾಗ ಸೈಟು ಮಾರಿದರು. ಮದುವೆ ಜೋರಾಗಿಯೇ ಆಯಿತು. ಕೆಲವು ವರ್ಷಗಳಲ್ಲಿ ಮುಗಿದೂ ಹೋಯಿತು. ಹೊಡೆದಾಟ ಬಡಿದಾಟ ಏನೂ ಇಲ್ಲ. ಇಬ್ಬರೂ ಒಳ್ಳೆಯವರೇ, ಒಂದೇ ಮನೆಯಲ್ಲಿ ಇರಲು ಆಗದವರು, ಅಷ್ಟೇ. ಅಷ್ಟರಲ್ಲಿ ಅಪ್ಪನೂ ಅಜ್ಜಿಯೂ ಹೋಗಿದ್ದರು. ವಿಜಯನಗರದ ಒಂದು ಮೊದಲನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದ ಅಮ್ಮನ ಹತ್ತಿರ ನಾನು ಎರಡು ಸೂಟ್‌ಕೇಸ್ ಹಿಡಿದು ಬಂದೆ.

ಅಮ್ಮ ಏನೂ ಕೇಳಲಿಲ್ಲ. ಕೇಳುವುದಕ್ಕೆ ಬೀದಿಯೇ ಇತ್ತಲ್ಲ. ತರಕಾರಿ ಗಾಡಿಯ ಹತ್ತಿರ, ಮೆಟ್ಟಿಲಲ್ಲಿ, ಮೆಡಿಕಲ್ ಶಾಪಿನಲ್ಲಿ, "ಯಾವಾಗಮ್ಮಾ ವಾಪಸ್ಸು?" ಎಂಬ ಒಂದೇ ಪ್ರಶ್ನೆ. ನಾನು ಬಸವೇಶ್ವರನಗರದ ಒಂದು ಶಾಲೆಯಲ್ಲಿ ಎಂಟನೇ ಕ್ಲಾಸಿಗೆ ವಿಜ್ಞಾನ ಪಾಠ ಮಾಡುತ್ತಿದ್ದೆ. ಮೂಗಿನ ತುದಿಯಲ್ಲೇ ಕೋಪ ಎಂದು ಮಕ್ಕಳ ನಡುವೆ ನನಗೆ ಮೊದಲೇ ಹೆಸರಿತ್ತು, ಆ ವರ್ಷ ಅದು ಖಾಯಂ ಆಯಿತು. ಹಾಗಿರುವಾಗ ಸ್ಕಾಟ್ಲೆಂಡಿನಲ್ಲಿ ಶಿಕ್ಷಕರಿಗೆಂದೇ ಇರುವ ಒಂದು ವರ್ಷದ ಸ್ನಾತಕೋತ್ತರ ಓದಿಗೆ ವಿದ್ಯಾರ್ಥಿವೇತನ ಸಿಕ್ಕಿತು. ಓದುವ ಆಸೆಗಿಂತ ತರಕಾರಿ ಗಾಡಿಯಿಂದ ಆದಷ್ಟು ದೂರ ಹೋಗುವ ಆಸೆಯೇ ನನಗೆ ಹೆಚ್ಚಾಗಿತ್ತು. ಅಮ್ಮ ಮಾತ್ರ, "ಹೋಗ್ಬಾ, ಓದ್ಕೊಂಡು ಬಾ" ಎಂದಳು. ಮಿಕ್ಕಿದ್ದನ್ನು ನಾನೇ ಸೇರಿಸಿಕೊಂಡೆ. ಓದಿ ಬಂದರೆ ದೊಡ್ಡ ಶಾಲೆಯಲ್ಲಿ ಕೆಲಸ, ಕೆಲಸ ಸಿಕ್ಕರೆ ಸಾಲ, ಸಾಲ ಸಿಕ್ಕರೆ ಅಮ್ಮನಿಗೊಂದು ಮನೆ. ನನ್ನ ಮದುವೆ ತಿಂದುಹಾಕಿದ ಮನೆಯನ್ನು ನಾನೇ ಕಟ್ಟಿಕೊಡಬೇಕು. ಈ ಲೆಕ್ಕವನ್ನು ತಲೆಯ ಮೇಲೆ ಹೊತ್ತುಕೊಂಡೇ ವಿಮಾನ ಹತ್ತಿದೆ.

ದೂರದ ಬೆಟ್ಟ ನುಣ್ಣಗೆ ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ. ಅಲ್ಲಿ ನನ್ನ ಬಾಯಿ ಕಟ್ಟಿಹೋಯಿತು. ಒಂದು ಇಡೀ ಕ್ಲಾಸನ್ನು ಕಣ್ಣಲ್ಲೇ ಸುಮ್ಮನಾಗಿಸುತ್ತಿದ್ದವಳು, ಅಲ್ಲಿನ ಕ್ಲಾಸಿನಲ್ಲಿ ಹಿಂದಿನ ಬೆಂಚು ಹುಡುಕಿ ಕೂರುತ್ತಿದ್ದೆ. ಜೊತೆಯವರು ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಪಟಪಟನೆ ಮಾತಾಡುವವರು. ನಾನು ಮನಸ್ಸಿನಲ್ಲಿ ಒಂದು ವಾಕ್ಯ ಜೋಡಿಸಿಕೊಂಡು ಕೈ ಎತ್ತುವಷ್ಟರಲ್ಲಿ ಚರ್ಚೆ ಮುಂದಿನ ವಿಷಯಕ್ಕೆ ಹೋಗಿರುತ್ತಿತ್ತು. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಇಡ್ಲಿ ಹಿಟ್ಟು ಇಟ್ಟರೆ ಆ ಚಳಿಗೆ ಮೂರು ದಿನವಾದರೂ ಉಬ್ಬುತ್ತಿರಲಿಲ್ಲ. ನಾನೂ ಹಾಗೇ ಆಗಿದ್ದೆ.

ಅದೇ ಅಡುಗೆಮನೆಯಲ್ಲಿ ಒಂದು ಶನಿವಾರ ಆ ಹಿಟ್ಟಿನ ಪಾತ್ರೆಯನ್ನು ಬೈಯುತ್ತಿದ್ದೆ. ಕನ್ನಡದಲ್ಲಿ ಬೈಯುತ್ತಿದ್ದೆ, ಯಾರಿಗೂ ಅರ್ಥವಾಗುವುದಿಲ್ಲವೆಂಬ ಧೈರ್ಯದಿಂದ. ಎದುರಿನ ಕೋಣೆಯ ಹುಡುಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಪಶುವೈದ್ಯ ಓದುತ್ತಿದ್ದವಳು, ತೆಂಗಿನಮರದ ಹಾಗೆ ಎತ್ತರ, ಯೂನಿವರ್ಸಿಟಿಯ ಬೆಟ್ಟ ಹತ್ತುವವರ ಗುಂಪಿಗೆ ಅವಳೇ ಮುಂದಾಳು. "ನಾಳೆ ವ್ಯಾನಿನಲ್ಲಿ ಒಂದು ಸೀಟು ಖಾಲಿ ಇದೆ, ಬರ್ತೀರಾ?" ಎಂದು ಕೇಳಿದಳು. ನನಗೆ ಬೂಟಿಲ್ಲ ಎಂದೆ. ಗುಂಪಿನ ಸ್ಟೋರಿನಲ್ಲಿ ಇದೆ ಎಂದಳು. ನನಗೆ ವಯಸ್ಸಾಗಿದೆ ಎಂದೆ. ಬೆಟ್ಟಕ್ಕೆ ನಿಮಗಿಂತ ಹೆಚ್ಚು ಆಗಿದೆ ಎಂದಳು. ಇನ್ನೇನು ಹೇಳಲಿ, ಹೊರಟೆ.

ಹೋಗುವ ಮುಂಚೆ ಪುಳಿಯೋಗರೆ ಕಲಸಿದೆ. ಬೆಟ್ಟಕ್ಕೆ ಬರಿಗೈಯಲ್ಲಿ ಹೋಗುವುದು ನಮಗೆ ಗೊತ್ತಿಲ್ಲದ ವಿದ್ಯೆ. ಅಮ್ಮ ಕಳಿಸಿದ್ದ ಗೊಜ್ಜು ಇತ್ತು. ಮೆಟ್ಟಿಲಿಲ್ಲದ ಬೆಟ್ಟ ಅದು, ಬರೀ ಕೆಸರು, ಹುಲ್ಲು, ಕುರಿ ಹಿಕ್ಕೆ, ಮುಖಕ್ಕೆ ರಾಚುವ ಗಾಳಿ. ಅರ್ಧ ದಾರಿಯಲ್ಲೇ ನನ್ನ ಉಸಿರು ಬಾಯಿಗೆ ಬಂತು. ಈ ಹುಡುಗರ ಸಹವಾಸ ಮಾಡಿ ಕೆಟ್ಟೆ ಎಂದು ನನ್ನನ್ನೇ ಶಪಿಸಿಕೊಂಡು, ಒಂದೊಂದೇ ಹೆಜ್ಜೆ ಕಿತ್ತಿಡುತ್ತಾ ಮೇಲೆ ಬಂದೆ. ತುದಿಯಲ್ಲಿ ಗುಡಿ ಇರಲಿಲ್ಲ. ಒಂದು ದೊಡ್ಡ ಕಲ್ಲುಗುಡ್ಡೆ ಇತ್ತು, ಎಲ್ಲರೂ ಹೋಗಿ ಅದನ್ನು ಕೈಯಿಂದ ಮುಟ್ಟುತ್ತಿದ್ದರು. ಅಷ್ಟು ನೋಡಿದ್ದೇ ತಡ, ನಾನು ಬಗ್ಗಿ ಬೂಟು ಬಿಚ್ಚತೊಡಗಿದೆ.

"ಕಾಲಿಗೆ ಏನಾದರೂ ಆಯ್ತಾ?" ಎಂದು ಮುಂದಾಳು ಓಡಿ ಬಂದಳು. ಅಷ್ಟರಲ್ಲಿ ಒಂದು ಸಾಕ್ಸ್ ಕೆಸರಿನಲ್ಲಿತ್ತು. ಬೆಟ್ಟದ ತುದಿಯಲ್ಲಿ ಚಪ್ಪಲಿ ಹಾಕಿಕೊಂಡು ನಿಲ್ಲುವ ಅಭ್ಯಾಸ ನಮಗಿಲ್ಲ ಎಂದು ವಿವರಿಸಿದೆ. ಅವಳು ಗಂಭೀರವಾಗಿ ಕೇಳಿ, "ಸರಿ, ಆದರೆ ಬೆರಳು ಮರಗಟ್ಟಿದರೆ ನಿಮ್ಮನ್ನು ಹೊತ್ತು ಇಳಿಸಬೇಕಾದವಳು ನಾನು" ಎಂದಳು. ಬೂಟು ಹಾಕಿಕೊಂಡೆ. ಪುಳಿಯೋಗರೆ ಡಬ್ಬಿ ಎಲ್ಲರಿಗೂ ದಾಟಿಸಿದೆ. ಕಣ್ಣಲ್ಲಿ ನೀರು ಸುರಿಸಿಕೊಂಡು ತಿಂದರು, ಒಬ್ಬ ಹುಡುಗ ಡಬ್ಬಿಯ ಮೂಲೆಯನ್ನೂ ಬಿಡಲಿಲ್ಲ. ಕೆಳಗೆ ಒಂದು ಉದ್ದನೆಯ ಕೆರೆ ಹೊಳೆಯುತ್ತಿತ್ತು. ಅವತ್ತು ನಾನು ಹಾಸಿಗೆಗೆ ಬಿದ್ದವಳು ಬೆಳಗಿನವರೆಗೂ ಮಗ್ಗುಲು ಬದಲಾಯಿಸಲಿಲ್ಲ. ಅಂಥ ನಿದ್ದೆ ಮದುವೆ ಮುರಿದ ಮೇಲೆ ಬಂದಿರಲಿಲ್ಲ.

ಆಮೇಲೆ ಪ್ರತಿ ಭಾನುವಾರ ಹೋಗತೊಡಗಿದೆ. ಹತ್ತುವಾಗ ತಲೆ ಖಾಲಿಯಾಗುತ್ತದೆ. ಮುಂದಿನ ಹೆಜ್ಜೆ ಎಲ್ಲಿ ಇಡಬೇಕು ಅನ್ನುವುದೊಂದೇ ಯೋಚನೆ. ನನ್ನ ಮದುವೆ, ಸೈಟು, ತರಕಾರಿ ಗಾಡಿ ಎಲ್ಲವೂ ಕೆಳಗೆ ವ್ಯಾನಿನಲ್ಲೇ ಉಳಿದುಬಿಡುತ್ತಿದ್ದವು. ಕ್ಲಾಸಿನಲ್ಲಿ ಹೊರಡದ ಮಾತು ಬೆಟ್ಟದ ಮೇಲೆ ತಾನಾಗಿ ಹೊರಡುತ್ತಿತ್ತು. ಗಾಳಿಗೆ ಬೈಯುತ್ತಿದ್ದೆ, ಹಿಂದೆ ಬೀಳುವ ಹುಡುಗರನ್ನು ಎಂಟನೇ ಕ್ಲಾಸಿನವರ ಹಾಗೆ ಗದರಿಸುತ್ತಿದ್ದೆ, ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಖುಷಿಯಾಗಿದ್ದೆ ಎಂದು ಹೇಳಿಕೊಳ್ಳಲು ಯಾಕೆ ನಾಚಿಕೆ, ಖುಷಿಯಾಗಿಯೇ ಇದ್ದೆ. ಆದರೆ ಅದು ಭಾನುವಾರದ ಖುಷಿ, ಸೋಮವಾರ ಬೆಳಗ್ಗೆ ಮತ್ತೆ ಹಿಂದಿನ ಬೆಂಚು.

ಒಂದು ದಿನ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ನಾನು ಕಳಿಸಿದ್ದ ಬೆಟ್ಟದ ಫೋಟೋಗಳನ್ನು ನೋಡಿದೆಯಾ ಎಂದು ಕೇಳಿದೆ.

"ನೋಡ್ದೆ. ಅಷ್ಟು ದೊಡ್ಡ ಬೆಟ್ಟ, ಒಂದು ದೇವಸ್ಥಾನ ಇಲ್ವಲ್ಲೇ" ಎಂದಳು.

"ಇಲ್ಲಮ್ಮ. ಕಲ್ಲು ಮಾತ್ರ ಬೇಕಾದಷ್ಟಿದೆ."

"ಹಂಗಾದ್ರೆ ಒಂದು ಮನೆ ಕಟ್ಟು, ನೋಡೋಣ."

ಅವಳು ನಗುತ್ತಾ ಹೇಳಿದ್ದು. ನಾನು ಮನಸ್ಸಿಗೆ ತೆಗೆದುಕೊಂಡೆ. ಮುಂದಿನ ವಾರ ಹಿಂದೆ ಬಿದ್ದವರನ್ನು ಕರೆತರಲು ಮುಂದಾಳು ಕೆಳಗಿಳಿದು ಹೋಗಿದ್ದಳು, ನಾವು ಎರಡು ಬೆಟ್ಟಗಳ ನಡುವಿನ ತಗ್ಗಿನಲ್ಲಿ ಕಾಯುತ್ತಾ ಕೂತಿದ್ದೆವು. ಅಲ್ಲಿ ಬಿದ್ದಿದ್ದ ಕಲ್ಲುಗಳೆಲ್ಲ ಹಂಚಿನ ಹಾಗೆ ಚಪ್ಪಟೆ. ಕೂತಲ್ಲೇ ಒಂದರ ಮೇಲೊಂದು ಇಡುತ್ತಾ ಹೋದೆ. ಕೆಳಗಡೆ ನಮಗೆ, ಮೇಲ್ಗಡೆ ಬಾಡಿಗೆಗೆ, ಅದರ ಮೇಲೆ ಇನ್ನೊಂದು ಬಾಡಿಗೆಗೆ. ಅಕ್ಕಪಕ್ಕ ಜಾಗ ಬಿಡದೆ ಮೇಲೆ ಮೇಲೆ ಎಬ್ಬಿಸುವ ನಮ್ಮೂರಿನ ಕಟ್ಟಡದ ಹಾಗೆ ಎದ್ದು ನಿಂತಿತು. ಬೀಳಲಿಲ್ಲ. ಅಮ್ಮನ ಕೈಯಲ್ಲಿ ಒಂದು ಸಲವೂ ನಿಲ್ಲದ್ದು ನನ್ನ ಕೈಯಲ್ಲಿ ನಿಂತಿತಲ್ಲ ಎಂದು ಎದೆ ಉಬ್ಬಿತು. ಫೋಟೋ ತೆಗೆದು ಕಳಿಸಿದೆ. "ಚೆನ್ನಾಗಿದೆ. ಇಷ್ಟು ಬೇಗ ಕಟ್ಟಿ ಮುಗಿಸ್ಬಿಟ್ಯಾ?" ಎಂದು ಅಮ್ಮ ಧ್ವನಿಸಂದೇಶ ಕಳಿಸಿದಳು. ಅವಳ ದನಿಯಲ್ಲಿ ನಾನು ಅಂದುಕೊಂಡಷ್ಟು ಸಂತೋಷ ಇರಲಿಲ್ಲ.

ನವೆಂಬರಿನಲ್ಲಿ ನನ್ನ ಮೊದಲ ದೊಡ್ಡ ಪ್ರಬಂಧ ವಾಪಸ್ ಬಂತು. ಪಾಸಾಗಿರಲಿಲ್ಲ. ಇದರಲ್ಲಿ ಓದಿದ ಪುಸ್ತಕಗಳೆಲ್ಲ ಇವೆ, ಪಾಠ ಮಾಡಿದ ಟೀಚರ್ ಮಾತ್ರ ಎಲ್ಲೂ ಕಾಣುವುದಿಲ್ಲ ಎಂದು ಮೇಷ್ಟ್ರು ಬರೆದಿದ್ದರು. ಮತ್ತೆ ಬರೆದುಕೊಡಬಹುದಿತ್ತು. ನನಗೆ ಅದನ್ನು ಮುಟ್ಟುವ ಮನಸ್ಸೇ ಆಗಲಿಲ್ಲ. ಮಧ್ಯಾಹ್ನ ಕಳೆಯುವ ಮೊದಲೇ ಕತ್ತಲಾಗುವ ಊರಿನಲ್ಲಿ ಕೂತು, ಮಕ್ಕಳಿಗೆ ಫೇಲು ಫೇಲು ಎಂದು ಕೆಂಪು ಇಂಕಿನಲ್ಲಿ ಬರೆದ ಕೈ ಇದೇ ಅಲ್ಲವೇ ಎಂದು ನೋಡಿಕೊಂಡೆ. ಡಿಸೆಂಬರ್ ರಜಕ್ಕೆ ಬೆಂಗಳೂರಿಗೆ ಟಿಕೆಟ್ ಮಾಡಿಸಿದೆ, ಹೋಗುವುದಕ್ಕೆ ಮಾತ್ರ. ಓದು ಬಿಟ್ಟು ಬರುತ್ತಿದ್ದೇನೆ ಎಂದು ಅಮ್ಮನಿಗೆ ಹೇಳಿರಲಿಲ್ಲ. ಹೇಳಿದರೆ ಅವಳ ಮನೆಯನ್ನು ಎರಡನೇ ಸಲ ಮಾರಿದ ಹಾಗೆ ಎಂದು ನನಗೆ ಅನ್ನಿಸುತ್ತಿತ್ತು.

ಹೊರಡುವ ಮುಂಚಿನ ಕೊನೆಯ ಭಾನುವಾರ ಗುಂಪು ನಾನು ಕಲ್ಲಿನ ಮನೆ ಕಟ್ಟಿದ್ದ ಬೆಟ್ಟಕ್ಕೇ ಹೊರಟಿತು. ಅಷ್ಟೇನೂ ಎತ್ತರವಲ್ಲ, ಹಿಮವೂ ಬಿದ್ದಿರಲಿಲ್ಲ, ಆದರೆ ತಗ್ಗಿನ ಹತ್ತಿರ ಬರುವಷ್ಟರಲ್ಲಿ ಮಂಜು ಇಳಿದು ಮುಂದಿನವರ ಬೆನ್ನೂ ಮಸುಕಾಯಿತು. ನಾನು ನನ್ನ ಕಲ್ಲಿನ ಮನೆಯನ್ನು ಕಣ್ಣಲ್ಲೇ ಹುಡುಕುತ್ತಿದ್ದೆ. ಬಿದ್ದುಹೋಗಿರುತ್ತದೆ ಅಂದುಕೊಂಡಿದ್ದೆ. ಮಂಜಿನೊಳಗಿಂದ ಅದು ನನ್ನ ಸೊಂಟದೆತ್ತರಕ್ಕೆ ಕಾಣಿಸಿತು. ಯಾರು ಯಾರೋ ಹಾದುಹೋದವರು ಒಂದೊಂದು ಕಲ್ಲು ಸೇರಿಸಿದ್ದರು. ಸುತ್ತಲೂ ಪಾಯ ಅಗಲವಾಗಿತ್ತು, ಮೇಲೆ ಅಂತಸ್ತುಗಳು ಏರಿದ್ದವು. ಗುರುತು ಪರಿಚಯ ಇಲ್ಲದ ಜನ ನಮ್ಮಮ್ಮನ ಮನೆ ಕಟ್ಟಿದ್ದಾರೆ, ನಾನು ಮಾತ್ರ ಓಡಿಹೋಗುತ್ತಿದ್ದೇನೆ ಅನ್ನಿಸಿತು.

ಮುಂದಾಳು ಆ ಗುಡ್ಡೆಯನ್ನು ನೋಡಿ ಎಡಕ್ಕೆ ತಿರುಗಿದಳು, ನಾವೆಲ್ಲ ಹಿಂದೆ ಹೋದೆವು. ಸ್ವಲ್ಪ ದೂರಕ್ಕೆ ಇಳಿಜಾರು ಜಾಸ್ತಿಯಾಯಿತು. ಕಾಲಡಿಯ ಸಣ್ಣ ಕಲ್ಲುಗಳು ಜಾರತೊಡಗಿದವು. ಅವಳು ಥಟ್ಟನೆ ಕೈ ಅಗಲಿಸಿ ಎಲ್ಲರನ್ನೂ ನಿಲ್ಲಿಸಿದಳು. ಅವಳ ಮುಂದೆ ನೆಲ ಇರಲಿಲ್ಲ, ಬರೀ ಬಿಳಿ ಮಂಜು. ದಿಕ್ಸೂಚಿ ನೋಡಿ, ನಕ್ಷೆ ನೋಡಿ, ಒಬ್ಬರ ಹಿಂದೆ ಒಬ್ಬರನ್ನು ಮೆಲ್ಲಗೆ ತಗ್ಗಿಗೆ ವಾಪಸ್ ಕರೆತಂದಳು.

"ಈ ಗುಡ್ಡೆ ಹೋದ ವರ್ಷ ಇಲ್ಲಿರಲಿಲ್ಲ" ಎಂದು ಅದರ ಸುತ್ತ ಒಂದು ಸುತ್ತು ಬಂದಳು. "ದಾರಿ ತೋರಿಸುವ ಗುಡ್ಡೆ ಬಲಗಡೆ ಇನ್ನೂ ಮುಂದಿದೆ, ಎಡಕ್ಕೆ ತಿರುಗಬೇಕಾದದ್ದು ಅಲ್ಲಿ. ಇಲ್ಲಿ ಯಾರು ಇಟ್ಟರು ಇದನ್ನು?"

ಆಗ ನನಗೆ ಹೊಳೆಯಿತು. ಆ ನಾಡಿನ ಬೆಟ್ಟಗಳಲ್ಲಿ ಕಲ್ಲುಗುಡ್ಡೆ ಅಂದರೆ ದಾರಿಯ ಗುರುತು. ಮಂಜಿನಲ್ಲಿ ಜನ ಅದನ್ನು ನಂಬಿ ನಡೆಯುತ್ತಾರೆ. ಹಾದುಹೋಗುವವರು ಒಂದು ಕಲ್ಲು ಸೇರಿಸುವುದೂ ಗುರುತು ಅಳಿಯದಿರಲಿ ಎಂದೇ. ನಾನು ಹರಕೆಯ ಮನೆಯನ್ನು ನಡುದಾರಿಯಲ್ಲಿ ಕಟ್ಟಿ ಕೂರಿಸಿದ್ದೆ.

"ನಾನು" ಎಂದೆ. "ಅದು ನಮ್ಮಮ್ಮನ ಮನೆ."

ಪುಳಿಯೋಗರೆ ಡಬ್ಬಿ ಬಳಿದಿದ್ದ ಹುಡುಗ ಮೊದಲು ನಕ್ಕ. ನಾನು ಎಲ್ಲವನ್ನೂ ಹೇಳಿದೆ, ಶಿವಗಂಗೆ, ಅಂತಸ್ತು, ಬಾಡಿಗೆ, ಎಲ್ಲ. ಮುಂದಾಳು ನಗಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. "ಇನ್ನೊಂದು ಗುಂಪು ಬರುವ ಮುಂಚೆ ಇದನ್ನು ತೆಗೆಯಬೇಕು" ಎಂದಳು. ಅದು ನನಗೂ ಗೊತ್ತಿತ್ತು. ಆದರೆ ಕೈ ಮೇಲೇಳಲಿಲ್ಲ. ಅಷ್ಟು ಓದಿದವಳು, ವಿಜ್ಞಾನದ ಟೀಚರ್, ಆದರೂ ಬೀಳಿಸಬಾರದು ಎಂಬ ಅಮ್ಮನ ಮಾತು ಮೈಯಲ್ಲಿ ಕೂತುಬಿಟ್ಟಿತ್ತು. "ನಮ್ಮಮ್ಮನ್ನ ಒಂದು ಮಾತು ಕೇಳಬೇಕು" ಎಂದೆ. ತಗ್ಗಿನಲ್ಲಿ ಫೋನಿಗೆ ಸಿಗ್ನಲ್ ಇತ್ತು. "ಕೇಳಿ, ಬೇಗ" ಎಂದು ಅವಳು ಉಳಿದವರಿಗೆ ಟೀ ಹಂಚಲು ಫ್ಲಾಸ್ಕ್ ತೆಗೆದಳು.

ವಿಜಯನಗರದಲ್ಲಿ ಆಗ ಸಂಜೆ. ಅಮ್ಮ ಫೋನನ್ನು ಸ್ಪೀಕರಿಗೆ ಹಾಕಿದ್ದು ಗೊತ್ತಾಯಿತು.

"ಬೇಗ ಹೇಳೇ, ಅವರೆಕಾಳು ಹಿತುಕ್ತಾ ಇದೀನಿ, ಕೈಯೆಲ್ಲಾ ಅಂಟು."

"ಅಮ್ಮ, ಆ ಕಲ್ಲಿನ ಮನೆ ಬೀಳಿಸ್ಬೇಕು." ಯಾಕೆಂದು ಹೇಳಿದೆ.

"ಯಾರಿಗಾದ್ರೂ ಪೆಟ್ಟಾಯ್ತಾ?"

"ಇಲ್ಲ."

"ಮತ್ತಿನ್ನೇನು, ಬೀಳ್ಸು. ದಾರೀಲಿ ಮನೆ ಕಟ್ಟಿದ್ರೆ ಇಲ್ಲಿ ಜೆಸಿಬಿ ತಂದು ಒಡೀತಾರೆ. ಅಲ್ಲಿ ನೀನೇ ಒಡಿ."

"ಬೀಳಿಸ್ಬಾರ್ದು ಅಂತ ನೀನೇ ಅಲ್ವಾ ಹೇಳಿದ್ದು?"

"ಬೇರೆಯೋರ್ದು ಬೀಳಿಸ್ಬಾರ್ದು ಅಂದಿದ್ದೆ. ಇದು ನಿಂದು ತಾನೇ?"

"ನಿಂದಮ್ಮ" ಎಂದೆ. "ನಿನಗೋಸ್ಕರ ಕಟ್ಟಿದ್ದು." ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ಪ್ರಬಂಧ ಫೇಲಾಗಿದ್ದು, ಟಿಕೆಟ್ ಮಾಡಿಸಿದ್ದು, ಹೆಗ್ಗನಹಳ್ಳಿ ಸೈಟು, ನನ್ನ ಮದುವೆ, ಎಲ್ಲ ಒಟ್ಟಿಗೆ ಹೊರಬಂತು. ನನ್ನಿಂದ ಮನೆ ಆಗಲ್ಲ ಅಮ್ಮ, ನಾನು ವಾಪಸ್ ಬಂದ್ಬಿಡ್ತೀನಿ ಎಂದು ಮಂಜಿನಲ್ಲಿ ನಿಂತು ಅತ್ತೆ.

ಅತ್ತ ಅಮ್ಮನ ಬಟ್ಟಲಿಗೆ ಬೇಳೆ ಬೀಳುವ ಸದ್ದು ನಿಂತಿತು.

"ನಾನು ನಿನ್ನ ಹತ್ರ ಮನೆ ಕೇಳಿದ್ನೇನೇ?" ಎಂದಳು.

"ಪ್ರತಿ ವರ್ಷ ಕಲ್ಲಿಡ್ತಿದ್ಯಲ್ಲ. ಬಿದ್ದರೂ ಬಿದ್ದರೂ ಇಡ್ತಿದ್ಯಲ್ಲ."

ಅಮ್ಮ ನಕ್ಕುಬಿಟ್ಟಳು. "ಅಯ್ಯೋ ಪೆದ್ದಿ. ನಿಮ್ಮಪ್ಪ ಬೆಟ್ಟದ ಮೇಲೆ ಒಂದು ಗಳಿಗೆ ಕೂರೋಕೆ ಬಿಡ್ತಿದ್ರಾ? ಬಸ್ಸು ಬಸ್ಸು ಅಂತ ಪ್ರಾಣ ತಿನ್ನೋರು. ಮನೆಗೆ ಬಂದ್ರೆ ನಿಮ್ಮಜ್ಜಿ, ನಲ್ಲಿ ಹತ್ರ ಕ್ಯೂ, ಪಾತ್ರೆ. ವರ್ಷಕ್ಕೊಂದ್ಸಲ ಅಷ್ಟು ಎತ್ತರಕ್ಕೆ ಹೋಗಿ, ಗಾಳೀಲಿ ಕೂತು ಸುಮ್ನೆ ಕೆಳಗೆ ನೋಡ್ಬೇಕು ಅನ್ಸೋದು ಕಣೇ. ಸುಮ್ನೆ ಕೂತಿದೀನಿ ಅಂದ್ರೆ ಯಾರು ಬಿಡ್ತಾರೆ? ದೇವರ ಕೆಲಸ ಅಂದ್ರೆ ಮಾತ್ರ ಆ ಮನುಷ್ಯ ಬಾಯಿ ಮುಚ್ಕೊಂಡು ಕಾಯ್ತಿದ್ದಿದ್ದು. ಅದಕ್ಕೇ ದುಂಡು ಕಲ್ಲು ಹುಡುಕ್ತಿದ್ದೆ. ಬಿದ್ರೆ ಇನ್ನೊಂದ್ಸಲ ಕಟ್ಬಹುದಲ್ಲ."

ಇಷ್ಟು ವರ್ಷ ದೇವರು ಬೀಳಿಸುತ್ತಿದ್ದಾನೆ ಎಂದು ನಾನು ಅತ್ತಿದ್ದು, ಅಮ್ಮ ಬೇಕೆಂದೇ ಬೀಳಿಸಿಕೊಂಡಿದ್ದು.

"ಮನೆ ಆಸೆ ಇರ್ಲೇ ಇಲ್ವಾ?" ಎಂದು ಕೇಳಿದೆ.

"ಇತ್ತು, ಯಾರಿಗಿರಲ್ಲ? ಆಗ್ಲಿಲ್ಲ ಅಂತ ನಾನೇನು ನಿದ್ದೆ ಬಿಟ್ಟಿಲ್ಲ. ನೋಡು, ನನಗೋಸ್ಕರ ಓದ್ತಾ ಇದ್ರೆ ಇವತ್ತೇ ಬಾ, ನಂಗೇನು ಬೇಜಾರಿಲ್ಲ. ನಿನಗೋಸ್ಕರ ಓದ್ತಾ ಇದ್ರೆ ಕೂತ್ಕೊಂಡು ಓದು. ಭಾನುವಾರ ಬೆಟ್ಟ ಹತ್ತು. ಯಾರಿಗೂ ನೆಪ ಹೇಳ್ದೆ ಕೂತ್ಕೋ. ನಂಗಂತೂ ಆಗ್ಲಿಲ್ಲ. ಈಗ ಫೋನಿಡು, ನೆನೆಸಿದ ಕಾಳು ಒಣಗ್ತಾ ಇದೆ."

ಫೋನಿಟ್ಟು ಮೂಗು ಒರೆಸಿಕೊಂಡು ಬಂದೆ. "ಏನಂದರು?" ಎಂದು ಮುಂದಾಳು ಕೇಳಿದಳು. "ಒಡೆಯಬೇಕಂತೆ" ಎಂದೆ. ಮೇಲಿನ ಕಲ್ಲನ್ನು ನಾನೇ ತೆಗೆದೆ. ಅದನ್ನು ಬಿಸಾಡಲು ಮನಸ್ಸಾಗದೆ ಎತ್ತಿಕೊಂಡು, ಬಲಗಡೆಯ ನಿಜವಾದ ಗುರುತಿನ ಹತ್ತಿರ ಹೋಗಿ ಅದರ ಮೇಲಿಟ್ಟೆ. ವಾಪಸ್ ಬರುವಷ್ಟರಲ್ಲಿ ಎಲ್ಲರ ಕೈಯಲ್ಲೂ ಒಂದೊಂದು ಕಲ್ಲಿತ್ತು. ಹಾಗೆ ಓಡಾಡಿ ಅಮ್ಮನ ಮನೆಯನ್ನು ಅಷ್ಟೂ ಅಲ್ಲಿಗೆ ಸಾಗಿಸಿದೆವು. ಆಮೇಲೆ ನಾನು ಆ ಗುಡ್ಡೆಗೆ ಒರಗಿ ಕೂತೆ, ಎಲ್ಲರ ಜೊತೆ ಟೀ ಕುಡಿದೆ. ಮಂಜು ಸರಿದು ಕೆಳಗಿನ ಕೆರೆ ಒಂದಿಷ್ಟು ಕಾಣಿಸಿತು. ಹೆಗಲು ಹಗುರಾಗಿತ್ತು.

ಟಿಕೆಟ್ ರದ್ದು ಮಾಡಿಸಿದೆ. ರಜದಲ್ಲಿ ಖಾಲಿ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕೂತು ಪ್ರಬಂಧವನ್ನು ಮೊದಲಿನಿಂದ ಬರೆದೆ. ಈ ಸಲ ಅದರೊಳಗೆ ಬಸವೇಶ್ವರನಗರದ ಎಂಟನೇ ಕ್ಲಾಸು ಬಂತು, ಅವರಿಗೆ ನಾನು ಸಿಡುಕುತ್ತಿದ್ದದ್ದು, ಅವರು ಕೊನೆ ಬೆಂಚಿನಲ್ಲಿ ಬಾಯಿ ಬಿಡದೆ ಕೂರುತ್ತಿದ್ದದ್ದು ಬಂತು. ಆ ಬೆಂಚಿನ ವಿಷಯ ಈಗ ನನಗೆ ಚೆನ್ನಾಗಿ ಗೊತ್ತಿತ್ತಲ್ಲ. ಪಾಸಾದೆ. ರ‍್ಯಾಂಕು ಗೀಂಕು ಏನೂ ಇಲ್ಲ, ಪಾಸು. ಕ್ಲಾಸಿನಲ್ಲಿ ಕೈ ಎತ್ತುವ ಮುಂಚೆ ವಾಕ್ಯ ಜೋಡಿಸುವುದನ್ನು ಬಿಟ್ಟೆ. ಬಾಯಿಗೆ ಬಂದ ಹಾಗೆ ಮಾತಾಡಿದೆ, ಅವರಿಗೆ ಅರ್ಥವಾಗುತ್ತಿತ್ತು. ಬೇಸಿಗೆ ಬರುವ ಹೊತ್ತಿಗೆ ಗುಂಪಿನಲ್ಲಿ ಹಿಂದೆ ಬಿದ್ದವರನ್ನು ಕರೆತರುವ ಕೆಲಸ ನನ್ನದಾಗಿತ್ತು.

ವಾಪಸ್ ಬಂದು ಈಗ ಕೆಲವು ವರ್ಷಗಳಾದವು. ವಿಜಯನಗರದ ಅದೇ ಬಾಡಿಗೆ ಮನೆಯಲ್ಲೇ ಇದ್ದೇವೆ. ತರಕಾರಿ ಗಾಡಿಯೂ ಇದೆ, ಪ್ರಶ್ನೆ ಮಾತ್ರ ನಿಂತಿದೆ. ಅಥವಾ ನನಗೆ ಕೇಳಿಸುತ್ತಿಲ್ಲ. ಕೆಂಗೇರಿಯ ಹತ್ತಿರದ ಒಂದು ಶಾಲೆಯಲ್ಲಿ ಹೊಸದಾಗಿ ಸೇರುವ ಟೀಚರುಗಳಿಗೆ ತರಬೇತಿ ಕೊಡುತ್ತೇನೆ. ಮೆಟ್ರೋದಲ್ಲಿ ಹೋಗಿಬರುತ್ತೇನೆ. ಕೋಪ ಮೂಗಿನ ತುದಿಯಿಂದ ಪೂರ್ತಿ ಇಳಿದಿಲ್ಲ, ಸ್ವಲ್ಪ ಹಿಂದಕ್ಕೆ ಸರಿದಿದೆ.

ತಿಂಗಳಿಗೊಂದು ಭಾನುವಾರ ಅಮ್ಮನನ್ನು ಕರೆದುಕೊಂಡು ಮಾಗಡಿ ರಸ್ತೆಯ ಆಚೆ ಒಂದು ಸಣ್ಣ ಬೆಟ್ಟಕ್ಕೆ ಹೋಗುತ್ತೇನೆ. ಅವಳ ಮಂಡಿಗೆ ಅಷ್ಟೇ ಆಗುವುದು. ಮೇಲೊಂದು ಪುಟ್ಟ ಗುಡಿ, ಅದರ ಹಿಂದೆ ಅಗಲವಾದ ಬಂಡೆ. ಹೋದ ತಿಂಗಳು ಬಂಡೆಯ ಮೇಲೆ ಕೂತು ಪುಳಿಯೋಗರೆ ತಿಂದು ಬಹಳ ಹೊತ್ತಾಗಿತ್ತು. ಮಾರನೆಯ ದಿನದ ತರಬೇತಿಗೆ ನನಗೆ ತಯಾರಿ ಬಾಕಿ ಇತ್ತು. ಎದ್ದು ನಿಂತು, ಫೋನಿನಲ್ಲಿ ಟೈಮ್ ನೋಡಿ, "ಹೊರಡೋಣ ಅಮ್ಮ, ಬಸ್ಸು ಹೋಗ್ಬಿಡುತ್ತೆ" ಎಂದೆ.

ಅಮ್ಮ ನನ್ನನ್ನು ನೋಡಲಿಲ್ಲ. ಪಕ್ಕದಲ್ಲಿ ತಡಕಾಡಿ ಒಂದು ದುಂಡು ಕಲ್ಲು ಎತ್ತಿಕೊಂಡಳು, ಅದರ ಮೇಲಿಡಲು ಇನ್ನೊಂದನ್ನು ಹುಡುಕತೊಡಗಿದಳು. ಅವಳ ಬೆನ್ನಿನ ಹಿಂದೆ ನಾನು ಥೇಟ್ ಅಪ್ಪನ ಹಾಗೆ ನಿಂತಿದ್ದೆ.

ಫೋನನ್ನು ಬ್ಯಾಗಿಗೆ ಹಾಕಿದೆ. "ಅದನ್ನ ಕೆಳಗಿಡು. ನೆಪ ಬೇಡ, ಸುಮ್ನೆ ಕೂತ್ಕೋ" ಎಂದು ಅವಳ ಪಕ್ಕದಲ್ಲಿ ಕೂತೆ. ಅಮ್ಮ ಕಲ್ಲು ಕೆಳಗಿಟ್ಟಳು. ಅದು ಬಂಡೆಯ ಇಳಿಜಾರಿನಲ್ಲಿ ಉರುಳಿ ಹುಲ್ಲಿನಲ್ಲಿ ನಿಂತಿತು. ಆ ಬಸ್ಸು ಹೋಯಿತು. ಅದರ ಮುಂದಿನದೂ ಹೋಯಿತು.